ಸದ್ದು ಎತ್ತಿ ಹಿಡಿದ ಹನಿ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಸೋಮವಾರಪೇಟೆ ಕಡೆ ವಾರಗಟ್ಟಲೆ ಬಿಡುವುದಿಲ್ಲ. ಶಾಂತಳ್ಳಿ ಕಡೆಯವರ ಮುಂದೆ ಇದನ್ನು ಹೇಳಿದರೆ "ನಿಮ್ಮದೂ ಒಂದು ಮಳೆಯಾ?" ಅಂತ ನಗುತ್ತಾರೆ, ಅದು ಬೇರೆ ಮಾತು. ಹೋದ ಮಳೆಗಾಲದ ಒಂದು ಮಧ್ಯಾಹ್ನ ಹಾಗೇ ಆಗಿತ್ತು. ತೋಟದಲ್ಲಿ ಕೆಲಸ ನಿಂತಿತ್ತು, ಕರೆಂಟೂ ಇರಲಿಲ್ಲ. ಅಕ್ಕನ ಮಗ ಜಗಲಿಯಲ್ಲಿ ಕೂತು ಒಂದು ಕೆಸುವಿನ ಎಲೆಯನ್ನು ಅತ್ತ ಇತ್ತ ವಾಲಿಸುತ್ತಿದ್ದ. ಅದರ ಮೇಲೆ ನೀರಿನ ಹನಿಯೊಂದು ಪಾದರಸದ ಹಾಗೆ ಉರುಳುತ್ತಿತ್ತು. ಎಲೆ ಮಾತ್ರ ಒದ್ದೆಯಾಗುತ್ತಿರಲಿಲ್ಲ.

"ಮಾವ, ಎಲೆನೂ ಇಲ್ದೆ ಹನೀನ ಹೀಗೇ ಆಡಿಸ್ಬಹುದು, ಗೊತ್ತಾ? ಬರೀ ಸೌಂಡಲ್ಲಿ," ಅಂದ. ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ಹುಡುಗ. ಮಾತು ಸ್ವಲ್ಪ ಜಾಸ್ತಿ.

ನನಗೆ ಮೊದಲು ನೆನಪಾದದ್ದು ವಾಲಗ. ಮದುವೆ ಮನೆಯಲ್ಲಿ ವಾಲಗದವರು ಪಕ್ಕಕ್ಕೇ ಬಂದು ಬಾರಿಸಿದರೆ ಎದೆಯೊಳಗೆ ಗುಡುಗಿದ ಹಾಗಾಗುತ್ತದೆ. ಲೋಟದ ನೀರು ನಡುಗುತ್ತದೆ. ಆದರೆ ಎಷ್ಟು ಜೋರು ಬಾರಿಸಿದರೂ ನೀರು ಲೋಟ ಬಿಟ್ಟು ಮೇಲೇಳುವುದಿಲ್ಲ. ಮತ್ತೆ ಇವನು ಹೇಳುವುದೇನು? ಮಳೆ ಬಿಡುವವರೆಗೆ ಬೇರೆ ಕೆಲಸವೂ ಇರಲಿಲ್ಲ. ಒಂದಿಷ್ಟು ಓದಿದೆ, ಒಂದಿಷ್ಟು ಅವನನ್ನೇ ಕೇಳಿದೆ. ಕೊನೆಗೆ ಇಬ್ಬರೂ ಸೇರಿ ಒಂದು ಪುಟ್ಟ ಯಂತ್ರವನ್ನೂ ಕಟ್ಟಿದೆವು. ಅದು ಅರ್ಧ ಮಾತ್ರ ಗೆದ್ದಿತು. ಇನ್ನರ್ಧ ಯಾಕೆ ಸೋತಿತು ಅಂತ ಹುಡುಕುವಾಗಲೇ ನನಗೆ ವಿಷಯ ಸರಿಯಾಗಿ ಹತ್ತಿದ್ದು.

ಸದ್ದು ಅಂದರೆ ಗಾಳಿಯ ನೂಕಾಟ. ಡೋಲಿನ ಚರ್ಮ ಮುಂದೆ ಬಂದಾಗ ಎದುರಿನ ಗಾಳಿ ಒತ್ತಾಗುತ್ತದೆ, ಹಿಂದೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತು ಮತ್ತು ಸಡಿಲು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತವೆ. ಗಾಳಿ ಹೋಗುವುದಿಲ್ಲ, ಇದ್ದಲ್ಲೇ ಹಿಂದೆ ಮುಂದೆ ತೂಗುತ್ತದೆ. ಎದುರಿಗೆ ಒಂದು ಹನಿ ಸಿಕ್ಕಿದರೆ ಅದನ್ನೂ ಒಮ್ಮೆ ನೂಕುತ್ತದೆ, ಮರುಕ್ಷಣ ಎಳೆಯುತ್ತದೆ. ನೂಕಿದ್ದು ಎಳೆದದ್ದಕ್ಕೆ ವಜಾ. ಹನಿ ಎಲ್ಲಿತ್ತೋ ಅಲ್ಲೇ.

ಆದರೆ ಸದ್ದು ತುಂಬಾ ಜೋರಾದಾಗ ಈ ಲೆಕ್ಕ ಪೂರ್ತಿ ವಜಾ ಆಗುವುದಿಲ್ಲ. ಒಂದಿಷ್ಟು ಚಿಲ್ಲರೆ ಉಳಿಯುತ್ತದೆ. ಹನಿಯನ್ನು ಹಿಡಿಯುವುದು, ಸರಿಸುವುದು, ತಟ್ಟಿ ಬೇರೆ ಆಕಾರಕ್ಕೆ ತರುವುದು, ಎಲ್ಲವೂ ನಡೆಯುವುದು ಈ ಚಿಲ್ಲರೆಯಲ್ಲೇ.

ಈ ಚಿಲ್ಲರೆ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ನಮ್ಮ ಕೊಟ್ಟಿಗೆಯ ಶೀಟು ನೋಡಿದರೆ ಸಾಕು. ಮುಂಗಾರಿನ ಗಾಳಿ ಬೀಸಿದಾಗ ಶೀಟು ಕೆಳಕ್ಕೆ ಕುಸಿಯುವುದಿಲ್ಲ, ಮೇಲಕ್ಕೆ ಏಳುತ್ತದೆ. ಯಾಕೆಂದರೆ ಶೀಟಿನ ಮೇಲೆ ಗಾಳಿ ರಭಸವಾಗಿ ಓಡುತ್ತಿದೆ, ಒಳಗೆ ಸುಮ್ಮನೆ ನಿಂತಿದೆ. ಓಡುವ ಗಾಳಿಯ ಒತ್ತಡ ಕಡಿಮೆ, ನಿಂತ ಗಾಳಿಯದು ಜಾಸ್ತಿ. ಒಳಗಿನ ಗಾಳಿ ಶೀಟನ್ನು ಮೇಲಕ್ಕೆ ದಬ್ಬುತ್ತದೆ. ಗಾಳಿ ಎಡಕ್ಕೆ ಓಡಿದರೂ ಅಷ್ಟೇ, ಬಲಕ್ಕೆ ಓಡಿದರೂ ಅಷ್ಟೇ. ಸದ್ದಿಗೆ ಬೇಕಾದದ್ದು ಈ ಕೊನೆಯ ಮಾತು. ಸದ್ದಿನಲ್ಲಿ ಗಾಳಿ ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುತ್ತದೆ ನಿಜ. ಆದರೆ ಯಾವ ದಿಕ್ಕಿಗೆ ಓಡಿದರೂ ಒತ್ತಡ ಇಳಿಯುವುದೇ ಹೊರತು ಏರುವುದಿಲ್ಲ. ಹಾಗಾಗಿ ಇದು ವಜಾ ಆಗದೆ ಉಳಿಯುತ್ತದೆ.

ಇನ್ನು ಬೇಕಾದದ್ದು, ಗಾಳಿ ಒಂದು ಕಡೆ ಜಾಸ್ತಿ ಓಡಬೇಕು, ಪಕ್ಕದಲ್ಲೇ ಕಡಿಮೆ ಓಡಬೇಕು. ಅದಕ್ಕೊಂದು ಉಪಾಯವಿದೆ. ಸಿಲ್ವರ್ ಓಕ್ ಮರಕ್ಕೆ ಒಂದು ಹಗ್ಗದ ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ಅಲ್ಲಾಡಿಸಿ. ಕೈ ಹದ ಸಿಕ್ಕಿದಾಗ ಹಗ್ಗದ ಅಲೆ ಮುಂದೆ ಹೋಗುವುದನ್ನು ಬಿಟ್ಟು ನಿಂತ ಹಾಗೆ ಕಾಣುತ್ತದೆ. ಕೆಲವು ಜಾಗ ಜೋರಾಗಿ ತೂಗುತ್ತವೆ, ನಡುನಡುವೆ ಕೆಲವು ಚುಕ್ಕಿಗಳು ಅಲ್ಲಾಡುವುದೇ ಇಲ್ಲ. ಹೋಗುವ ಅಲೆ ಮರಕ್ಕೆ ಬಡಿದು ಬರುವ ಅಲೆಯನ್ನು ಕೂಡಿಕೊಂಡು ಹೀಗಾಗುತ್ತದೆ. ಇದನ್ನು ನಿಂತ ಅಲೆ ಅನ್ನೋಣ, ಅಲ್ಲಾಡದ ಚುಕ್ಕಿಗಳನ್ನು ಗಂಟು ಅನ್ನೋಣ.

ಸದ್ದಿಗೂ ಹೀಗೇ ಮಾಡಬಹುದು. ಒಂದು ಸ್ಪೀಕರನ್ನು ಮೇಲೆ, ಇನ್ನೊಂದನ್ನು ಕೆಳಗೆ ಎದುರುಬದುರು ಇಟ್ಟರೆ ಎರಡರ ಸದ್ದೂ ಸೇರಿ ನಡುವೆ ನಿಂತ ಅಲೆಯಾಗುತ್ತದೆ. ಅದರಲ್ಲಿ ಕೆಲವು ಜಾಗದಲ್ಲಿ ಗಾಳಿಯ ಒತ್ತಡ ಏರಿಳಿಯುವುದೇ ಇಲ್ಲ. ಅವೇ ಗಂಟುಗಳು. ಇಲ್ಲಿ ನಾನೂ ಒಮ್ಮೆ ಎಡವಿದ್ದೆ. ಗಂಟು ಅಂದರೆ ಗಾಳಿ ಸುಮ್ಮನಿರುವ ಜಾಗ ಅಂದುಕೊಂಡಿದ್ದೆ. ಹಾಗಲ್ಲ. ಒತ್ತಡ ಏರಿಳಿಯದ ಜಾಗದಲ್ಲೇ ಗಾಳಿ ಅತಿ ಜೋರಾಗಿ ಮೇಲೆ ಕೆಳಗೆ ಓಡುತ್ತದೆ. ಒಂದು ಸಾಲಿನಲ್ಲಿ ನಿಂತ ಜನರನ್ನು ನೆನೆಸಿಕೊಳ್ಳಿ. ಎರಡು ಕಡೆಯಿಂದ ನೂಕಿಸಿಕೊಂಡವರು ಇಕ್ಕಟ್ಟಿನಲ್ಲಿ ಒದ್ದಾಡುತ್ತಾರೆ, ಆದರೆ ಇದ್ದಲ್ಲೇ ಇರುತ್ತಾರೆ. ಎರಡು ಇಕ್ಕಟ್ಟುಗಳ ನಡುವೆ ಇರುವವರೇ ಅತ್ತಿತ್ತ ಓಡಾಡುವವರು. ಸರಿ, ಗಾಳಿ ಹೆಚ್ಚು ಓಡಾಡುವ ಕಡೆ ಸರಾಸರಿ ಒತ್ತಡ ಒಂದು ಚೂರು ಕಡಿಮೆ, ಇಕ್ಕಟ್ಟಿನ ಕಡೆ ಒಂದು ಚೂರು ಜಾಸ್ತಿ. ನಡುವೆ ಸಿಕ್ಕ ಹನಿ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಂದರೆ ಗಂಟಿಗೆ, ಬಂದು ಸೇರುತ್ತದೆ. ತನ್ನ ಭಾರದಿಂದ ಗಂಟಿಗಿಂತ ಕೂದಲೆಳೆಯಷ್ಟು ಕೆಳಗೆ ಜೋತುಬಿದ್ದ ಹಾಗೆ ನಿಲ್ಲುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1933ರಲ್ಲೇ ಜರ್ಮನಿಯ ಬ್ಯೂಕ್ಸ್ ಮತ್ತು ಮ್ಯೂಲರ್ ಎಂಬಿಬ್ಬರು ಆಲ್ಕೋಹಾಲ್ ಹನಿಗಳನ್ನು ನಿಂತ ಅಲೆಯಲ್ಲಿ ತೇಲಿಸಿದ್ದರು. ಮರುವರ್ಷ ಲೂಯಿಸ್ ಕಿಂಗ್ ಎಂಬ ವಿಜ್ಞಾನಿ ಇದರ ಲೆಕ್ಕ ಬರೆದ. 1962ರಲ್ಲಿ ಸೋವಿಯತ್ ವಿಜ್ಞಾನಿ ಗೋರ್ಕೋವ್ ಅದನ್ನು ಸುಲಭ ಮಾಡಿದ. ಈಗಲೂ ಎಲ್ಲರೂ ಬಳಸುವುದು ಅವನ ಸೂತ್ರವನ್ನೇ.

ಈಗ ನಮ್ಮ ಯಂತ್ರಕ್ಕೆ ಬರೋಣ. ಕಾರು ರಿವರ್ಸ್ ತೆಗೆಯುವಾಗ ಕುಂಯ್ ಕುಂಯ್ ಅನ್ನುವ ಸೆನ್ಸರ್ ಇರುತ್ತದಲ್ವಾ, ಅದೇ ಜಾತಿಯ ಅಗ್ಗದ ಸೆನ್ಸರ್ ಬೋರ್ಡು ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಸಿಗುತ್ತದೆ. ಅದರಲ್ಲಿ ಎರಡು ಕಣ್ಣಿನ ಹಾಗೆ ಕಾಣುವ ಎರಡು ಡಬ್ಬಿಗಳಿವೆ. ಅವೇ ಟ್ರಾನ್ಸ್‌ಡ್ಯೂಸರ್, ಪುಟ್ಟ ಸ್ಪೀಕರ್ ಅನ್ನಿ. ಸೆಕೆಂಡಿಗೆ 40,000 ಸಲ ನಡುಗುತ್ತವೆ. ನಮ್ಮ ಕಿವಿಗೆ 20,000ದ ಮೇಲೆ ಕೇಳುವುದಿಲ್ಲ, ಹಾಗಾಗಿ ಕೋಣೆಯೆಲ್ಲಾ ನಿಶ್ಶಬ್ದ. ನಮ್ಮ ನಾಯಿ ಮಾತ್ರ ಸ್ವಿಚ್ ಹಾಕಿದ ಕೂಡಲೇ ಕಿವಿ ನಿಮಿರಿಸಿ ಎದ್ದು ಹೊರಗೆ ಹೋಯಿತು. 340 ಮೀಟರನ್ನು 40,000ದಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಎಂಟೂವರೆ ಮಿಲಿಮೀಟರ್. ಗಂಟಿನಿಂದ ಗಂಟಿಗೆ ಅದರ ಅರ್ಧ, ನಾಲ್ಕು ಮಿಲಿಮೀಟರಿಗಿಂತ ತುಸು ಜಾಸ್ತಿ. ತೇಲುವ ವಸ್ತು ಇದಕ್ಕಿಂತ ಚಿಕ್ಕದಿರಬೇಕು. ವಾಲಗದ ಡೋಲಿಗೆ ಹನಿ ಏಳದಿರುವುದಕ್ಕೆ ಇದೂ ಒಂದು ಕಾರಣ. ಸೆಕೆಂಡಿಗೆ 100 ಸಲ ನಡುಗುವ ಸದ್ದಿನ ಗಂಟುಗಳು 1.7 ಮೀಟರ್ ದೂರ ದೂರ ಇರುತ್ತವೆ. ಒತ್ತಡದ ಏರು ಇಳಿವು ಅಷ್ಟು ದೂರಕ್ಕೆ ಹರಡಿಕೊಂಡರೆ ಹನಿಯ ಪಾಲಿಗೆ ನೆಲ ಸಪಾಟು. ನಾಲ್ಕು ಮಿಲಿಮೀಟರಿನಲ್ಲಿ ಅದೇ ಏರಿಳಿತ ಬಂದರೆ ಕಡಿದಾದ ಗುಂಡಿ.

ಎರಡು ಟ್ರಾನ್ಸ್‌ಡ್ಯೂಸರ್ ಎದುರುಬದುರು ಕೂರಿಸಿ, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಮೋಟಾರು ಓಡಿಸುವ ಒಂದು ಡ್ರೈವರ್ ಬೋರ್ಡು, ಬ್ಯಾಟರಿ ಎಲ್ಲಾ ಜೋಡಿಸಿದೆವು. ಚಿಮಟದಿಂದ ಥರ್ಮಾಕೋಲಿನ ಒಂದು ಕಾಳು ನಡುವೆ ಇಟ್ಟು ಕೈ ಬಿಟ್ಟರೆ, ನಿಂತಿತು! ಏನೂ ಇಲ್ಲದ ಗಾಳಿಯಲ್ಲಿ ಬಿಳಿ ಕಾಳು ತಣ್ಣಗೆ ನಿಂತಿದ್ದು ನೋಡಿದರೆ ಯಾರಿಗಾದರೂ ಬೆರಳು ಅಡ್ಡ ಹಾಕಿ ನೋಡಬೇಕು ಅನ್ನಿಸುತ್ತದೆ. ನಾನೂ ಹಾಕಿದೆ. ಬಿತ್ತು.

ಆಮೇಲೆ ಸಿರಿಂಜಿನಲ್ಲಿ ನೀರು. ಸೂಜಿಯ ತುದಿಯಲ್ಲಿ ಹನಿ ಮಾಡಿ ಗಂಟಿನ ಜಾಗಕ್ಕೆ ಹಿಡಿದೆವು. ಹನಿ ಸೂಜಿ ಬಿಡುವುದಿಲ್ಲ. ಬಿಟ್ಟರೆ ಸೀದಾ ಕೆಳಗಿನ ಟ್ರಾನ್ಸ್‌ಡ್ಯೂಸರಿನ ಜಾಲರಿ ಮೇಲೆ. ಹತ್ತು ಸಲ ಮಾಡಿ ಹತ್ತು ಸಲವೂ ಬೀಳಿಸಿದೆವು. ಹನಿ ಚಿಕ್ಕದು ಮಾಡಿದರೆ ನಿಲ್ಲಬಹುದು ಅಂದುಕೊಂಡೆ. ಅದೂ ತಪ್ಪು ಯೋಚನೆ. ಹನಿ ದೊಡ್ಡದಾದಷ್ಟು ಭಾರ ಜಾಸ್ತಿ, ಸದ್ದಿನ ಹಿಡಿತವೂ ಅಷ್ಟೇ ಜಾಸ್ತಿ. ಚಿಕ್ಕದಾದರೆ ಎರಡೂ ಅಷ್ಟೇ ಕಡಿಮೆ. ಗಾತ್ರದಿಂದ ಏನೂ ಗಿಟ್ಟುವುದಿಲ್ಲ. ಲೆಕ್ಕಕ್ಕೆ ಬರುವುದು ಅಷ್ಟೇ ಜಾಗದಲ್ಲಿ ಎಷ್ಟು ಭಾರ ತುಂಬಿದೆ ಎಂಬುದು. ನೀರು ಥರ್ಮಾಕೋಲಿಗಿಂತ ಹತ್ತಾರು ಪಟ್ಟು ಭಾರ. ಅದನ್ನು ಹಿಡಿಯಲು ಸುಮಾರು 155 ಡೆಸಿಬೆಲ್ಲಿನ ಮೇಲೆ ಸದ್ದು ಬೇಕು. ಗಾಳಿಯ ಸಹಜ ಒತ್ತಡದ ನೂರರಲ್ಲಿ ಎರಡು ಪಾಲಿನಷ್ಟು ಏರಿಳಿತ ಅದು. ಕಡಿಮೆ ಅನ್ನಿಸಬಹುದು, ಆದರೆ ಸದ್ದಿನ ಲೋಕದಲ್ಲಿ ಅದು ಭಾರೀ ಆರ್ಭಟ. ನಮ್ಮ ಎರಡು ಡಬ್ಬಿಗಳಿಗೆ ಆ ಶಕ್ತಿ ಇಲ್ಲ.

ಇದಕ್ಕೆ ಪರಿಹಾರವನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಸಿಯೆರ್ ಮಾರ್ಸೋ, ಏಡ್ರಿಯನ್ ಬಾರ್ನ್ಸ್, ಬ್ರೂಸ್ ಡ್ರಿಂಕ್‌ವಾಟರ್ ಮೂವರೂ 2017ರಲ್ಲಿ ಕೊಟ್ಟಿದ್ದಾರೆ. ಇದೇ ಅಗ್ಗದ ಡಬ್ಬಿಗಳು, ಆದರೆ 72. ಎರಡು ಬಟ್ಟಲು, ಒಂದೊಂದರ ಒಳಮೈಗೆ 36. ಬಟ್ಟಲಿನ ಬಾಗಿನಿಂದಾಗಿ ಎಲ್ಲದರ ಸದ್ದೂ ನಡುವಿನಲ್ಲಿ ಬಂದು ಕೂಡುತ್ತದೆ. ಅದಕ್ಕೆ ಟೈನಿಲೆವ್ ಅಂತ ಹೆಸರಿಟ್ಟು, ಕಟ್ಟುವ ಬಗೆಯನ್ನು ಯಾರು ಬೇಕಾದರೂ ನೋಡುವ ಹಾಗೆ ಹೊರಗಿಟ್ಟರು. ಪೇಟೆಂಟು ಹಾಕಿ ಬೀಗ ಜಡಿಯಬಹುದಿತ್ತು. ಹಾಗೆ ಮಾಡದ್ದಕ್ಕೇ ನನ್ನ ಅಳಿಯನಂಥವರು ಮನೆಯಲ್ಲಿ ಸೋಲ್ಡರಿಂಗ್ ಹೊಗೆ ಎಬ್ಬಿಸುತ್ತಿದ್ದಾರೆ.

ಹಿಡಿದಾಯಿತು, ಸರಿಸುವುದು ಹೇಗೆ? ಗಂಟು ಎಲ್ಲಿದೆಯೋ ಹನಿ ಅಲ್ಲಿ. ಹಾಗಾಗಿ ಗಂಟನ್ನು ಸರಿಸಿದರೆ ಆಯಿತು. ಮೇಲಿನ ಸ್ಪೀಕರು ಮತ್ತು ಕೆಳಗಿನದು ಒಂದೇ ತಾಳದಲ್ಲಿ ನಡುಗುತ್ತಿವೆ ಅನ್ನಿ. ಮೇಲಿನದನ್ನು ಅರ್ಧ ಪೆಟ್ಟು ತಡ ಮಾಡಿದರೆ ಗಂಟುಗಳೆಲ್ಲಾ ಎರಡು ಮಿಲಿಮೀಟರ್ ಮೇಲಕ್ಕೆ ಜರುಗುತ್ತವೆ. ಪೂರಾ ಒಂದು ಪೆಟ್ಟು ತಡ ಮಾಡಿದರೆ ಒಂದು ಗಂಟು ಹೋಗಿ ಪಕ್ಕದ ಗಂಟಿನ ಜಾಗದಲ್ಲಿ ಕೂರುತ್ತದೆ. ಇದನ್ನು ಮೆಲ್ಲಗೆ ಮಾಡುತ್ತಾ ಹೋದರೆ ಹನಿ ಏಣಿ ಹತ್ತಿದ ಹಾಗೆ ಹತ್ತುತ್ತದೆ. ಅವಸರ ಮಾಡಿದರೆ ಹನಿ ಹಿಂದೆ ಉಳಿದು ಬೀಳುತ್ತದೆ.

ಅಡ್ಡಡ್ಡಕ್ಕೆ ಸಾಗಿಸುವುದನ್ನು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ದಾನಿಯೆಲೆ ಫೊರೆಸ್ತಿ ಮತ್ತು ಜೊತೆಯವರು 2013ರಲ್ಲಿ ಚೆನ್ನಾಗಿ ಮಾಡಿ ತೋರಿಸಿದರು. ಚದುರಂಗದ ಮನೆಗಳ ಹಾಗೆ ಸಾಲಾಗಿ ಸದ್ದಿನ ಕಂಬಗಳು, ಸದ್ದನ್ನು ಮರಳಿಸಲು ಮೇಲೊಂದು ಚಪ್ಪಡಿ. ಹನಿ ಒಂದು ಮನೆಯ ಮೇಲೆ ನಿಂತಿರುವಾಗ ಆ ಮನೆಯ ಸದ್ದನ್ನು ಇಳಿಸುತ್ತಾ ಪಕ್ಕದ ಮನೆಯ ಸದ್ದನ್ನು ಏರಿಸುತ್ತಾರೆ. ಕಲ್ಲು ಕಟ್ಟುವವರು ಕೈಯಿಂದ ಕೈಗೆ ಕಲ್ಲು ದಾಟಿಸುವ ಹಾಗೆ ಹನಿ ದಾಟುತ್ತದೆ. ಎರಡು ಹನಿಗಳನ್ನು ಎರಡು ಕಡೆಯಿಂದ ತಂದು ಒಂದೇ ಮನೆಯಲ್ಲಿ ಕೂಡಿಸಬಹುದು. ಅವರು ಕೂಡಿಸಿದ್ದರಲ್ಲಿ ಒಂದು ಜೋಡಿ ಯಾವುದು ಗೊತ್ತಾ? ಒಂದು ಹನಿ ನೀರು ಮತ್ತು ಇನ್‌ಸ್ಟಂಟ್ ಕಾಫಿಯ ಒಂದು ಹರಳು. ಲೋಟವಿಲ್ಲ, ಚಮಚವಿಲ್ಲ, ಗಾಳಿಯಲ್ಲೇ ಕಾಫಿ. ಕಾಫಿ ಬೆಳೆಯುವ ಊರಿನವನಾಗಿ ಇದನ್ನು ಓದಿದಾಗ ನನಗೆ ಸುಮ್ನೆ ಒಂದು ಖುಷಿಯಾಯಿತು. ಇನ್‌ಸ್ಟಂಟ್ ಪುಡಿಗೆ ಜಾಸ್ತಿ ಹೋಗುವುದು ನಮ್ಮಂಥವರು ಬೆಳೆಯುವ ರೋಬಸ್ಟಾನೇ ಅಲ್ವಾ.

ಹನಿಯ ಆಕಾರದ ವಿಷಯ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸುಮ್ಮನೆ ಬಿಟ್ಟರೆ ಪುಟ್ಟ ಹನಿ ಗುಂಡಗಿರುತ್ತದೆ. ನೀರಿನ ಮೇಲ್ಮೈ ಬಿಗಿದ ಚರ್ಮದ ಹಾಗೆ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಇದಕ್ಕೆ ಮೇಲ್ಮೈ ಎಳೆತ ಅಂತಾರೆ. ಕೆಸುವಿನ ಎಲೆಯ ಮೇಲೆ ಮುತ್ತಿನ ಹಾಗೆ ಕೂರಿಸುವುದೂ ಅದೇ. ಹನಿ ಚಿಕ್ಕದಾದಷ್ಟೂ ಈ ಚರ್ಮದ ಹಿಡಿತ ಬಿಗಿ. ಇನ್ನು ಗಂಟಿನಲ್ಲಿ ನಿಂತ ಹನಿಯ ಸುತ್ತ ಗಾಳಿ ಮೇಲೆ ಕೆಳಗೆ ಓಡುತ್ತಿರುತ್ತದೆ. ಹನಿಯ ನೆತ್ತಿಗೂ ಬುಡಕ್ಕೂ ಬಡಿದ ಗಾಳಿ ಅಲ್ಲೇ ತಡೆಯುತ್ತದೆ. ಸೊಂಟದ ಪಕ್ಕದಿಂದ ನುಸುಳುವ ಗಾಳಿ ರಭಸವಾಗಿ ಓಡುತ್ತದೆ. ಕೊಟ್ಟಿಗೆಯ ಶೀಟು ನೆನಪಾಯಿತಲ್ಲ? ತಡೆದ ಕಡೆ ಒತ್ತಡ ಜಾಸ್ತಿ, ಓಡುವ ಕಡೆ ಕಡಿಮೆ. ಹಾಗಾಗಿ ಹನಿಯ ನೆತ್ತಿ ಮತ್ತು ಬುಡ ಒತ್ತಿಕೊಳ್ಳುತ್ತವೆ, ಸೊಂಟ ಹೊರಕ್ಕೆ ಉಬ್ಬುತ್ತದೆ. ಕಡುಬು ರೊಟ್ಟಿಯಾಗುತ್ತದೆ.

ಸದ್ದು ಎಷ್ಟು, ಚರ್ಮದ ಬಿಗಿ ಎಷ್ಟು ಎಂಬುದರ ಮೇಲೆ ರೊಟ್ಟಿ ಎಷ್ಟು ತೆಳ್ಳಗೆ ಅಂತ ತೀರ್ಮಾನವಾಗುತ್ತದೆ. ಸದ್ದು ಏರಿಸಿದರೆ ಇನ್ನೂ ಅಗಲವಾಗುತ್ತದೆ. ಒಂದು ಹದ ಮೀರಿದರೆ ನಡು ಬಾಗಿ ಬಟ್ಟಲಾಗುತ್ತದೆ. ಚೀನಾದ ಶಿಯಾನ್‌ನ ವಿಜ್ಞಾನಿಗಳು 2018ರಲ್ಲಿ ಈ ಬಟ್ಟಲಿನ ಬಾಯಿ ಮುಚ್ಚಿಕೊಂಡು ಹನಿಯೇ ಗುಳ್ಳೆಯಾಗುವುದನ್ನು ತೋರಿಸಿದರು. ಅದನ್ನೂ ಮೀರಿ ಸದ್ದು ಏರಿಸಿದರೆ ಹನಿ ಚೂರುಚೂರಾಗಿ ಸಿಡಿಯುತ್ತದೆ. ಅಂದರೆ ನೀರು ತೇಲಿಸುವವರಿಗೆ ಸಿಗುವುದು ಒಂದು ಸಣ್ಣ ಓಣಿ ಮಾತ್ರ. ಸದ್ದು ಕಡಿಮೆಯಾದರೆ ಬೀಳುತ್ತದೆ, ಜಾಸ್ತಿಯಾದರೆ ಒಡೆಯುತ್ತದೆ.

ಹನಿಯನ್ನು ಕುಣಿಸಲೂಬಹುದು. ದುಡಿಗೆ ಒಂದು ದನಿ, ದೊಡ್ಡ ಡೋಲಿಗೆ ಒಂದು ದನಿ ಇರುವ ಹಾಗೆ ಪ್ರತಿ ಹನಿಗೂ ತನ್ನದೇ ತಾಳವಿದೆ. 1879ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಅದನ್ನು ಲೆಕ್ಕ ಹಾಕಿದ್ದ. ಎರಡು ಮಿಲಿಮೀಟರ್ ಅಗಲದ ನೀರಿನ ಹನಿಗೆ ಸೆಕೆಂಡಿಗೆ ಸುಮಾರು 120 ಸಲ. ತೇಲಿಸುವ ಸದ್ದನ್ನು ಈ ತಾಳಕ್ಕೆ ಸರಿಯಾಗಿ ಜೋರು ಮೆಲ್ಲ ಜೋರು ಮೆಲ್ಲ ಮಾಡಿದರೆ ಹನಿ ಉದ್ದವಾಗಿ, ಚಪ್ಪಟೆಯಾಗಿ, ಮತ್ತೆ ಉದ್ದವಾಗಿ ಆಡುತ್ತದೆ. ಬೇರೆ ತಾಳ ಕೊಟ್ಟರೆ ಅಂಚಿನಲ್ಲಿ ಮೂಲೆಗಳು ಮೂಡಿ ನಕ್ಷತ್ರವಾಗುತ್ತದೆ. ಇದು ಬರೀ ಚೆಂದಕ್ಕಲ್ಲ. ಹನಿ ಯಾವ ತಾಳಕ್ಕೆ ಕುಣಿಯಿತು ಅಂತ ಅಳೆದರೆ ಅದರ ಮೇಲ್ಮೈ ಎಳೆತ ತಿಳಿಯುತ್ತದೆ. ಕುಣಿತ ಎಷ್ಟು ಬೇಗ ನಿಂತಿತು ಅಂತ ನೋಡಿದರೆ ದ್ರವ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ತಿಳಿಯುತ್ತದೆ. ಮುಟ್ಟಿದ್ದು ಮಾತ್ರ ಇಲ್ಲ.

ಆದರೆ ಭೂಮಿಯಲ್ಲಿ ಹನಿಯನ್ನು ಹಿಡಿಯುವ ಸದ್ದೇ ಅದನ್ನು ಚಪ್ಪಟೆ ಮಾಡಿಬಿಡುತ್ತದಲ್ಲ. ಗುಂಡಗಿನ ಹನಿಯನ್ನೇ ಪರೀಕ್ಷಿಸಬೇಕಾದರೆ? ಆ ಕಾರಣಕ್ಕೆ ಇದನ್ನು ಬಾಹ್ಯಾಕಾಶಕ್ಕೆ ಒಯ್ದರು. ಅಲ್ಲಿ ಭಾರ ಹೊರಬೇಕಾಗಿಲ್ಲ, ಮೆಲ್ಲನೆಯ ಸದ್ದು ಸಾಕು. 1985ರಲ್ಲಿ ಚಾಲೆಂಜರ್ ನೌಕೆಯಲ್ಲಿ ಟೇಲರ್ ವಾಂಗ್ ಎಂಬ ಭೌತವಿಜ್ಞಾನಿ ತನ್ನದೇ ಹನಿಯಂತ್ರದ ಜೊತೆ ಹೋದರು. ಅಲ್ಲಿ ಹೋಗಿ ಸ್ವಿಚ್ ಹಾಕಿದರೆ ಯಂತ್ರ ಕೆಟ್ಟಿತ್ತು. ತಲೆ ಒಳಗೆ ತೂರಿಸಿ ದಿನಗಟ್ಟಲೆ ರಿಪೇರಿ ಮಾಡಿದರು. ಆಮೇಲೆ ಹನಿಗಳನ್ನು ಸದ್ದಿನಿಂದಲೇ ತಿರುಗಿಸಿ, ತಿರುಗುವ ಹನಿ ಕೊನೆಗೆ ಎರಡು ಗುಂಡು ಅಂಟಿದ ಡಂಬೆಲ್ಲಿನ ಆಕಾರಕ್ಕೆ ಬರುವುದನ್ನು ನೋಡಿದರು. ಸೂಜಿ ಬಿಡದ ನಮ್ಮ ಹನಿಗಳ ಸಿಟ್ಟಿನಲ್ಲಿದ್ದ ನನಗೆ ಈ ಕಥೆ ಓದಿ ಸಮಾಧಾನವಾಯಿತು.

ಹನಿಯನ್ನು ತೇಲಿಸದೆಯೂ ಸದ್ದಿನಿಂದ ಓಡಿಸಬಹುದು. ಇದು ಬೇರೆಯೇ ದಾರಿ. ಲಿಥಿಯಂ ನಯೋಬೇಟ್ ಎಂಬ ಹರಳಿನ ಬಿಲ್ಲೆಯ ಮೇಲೆ ಎರಡು ಬಾಚಣಿಗೆಯ ಹಲ್ಲು ಒಂದರೊಳಗೊಂದು ಸೇರಿದ ಹಾಗೆ ಲೋಹದ ಗೆರೆಗಳನ್ನು ಮೂಡಿಸುತ್ತಾರೆ. ಅದಕ್ಕೆ ಕರೆಂಟ್ ಕೊಟ್ಟರೆ ಬಿಲ್ಲೆಯ ಮೈಮೇಲೆ ಕಣ್ಣಿಗೆ ಕಾಣದ ಅಲೆ ಓಡುತ್ತದೆ. ದಾರಿಯಲ್ಲಿ ಹನಿ ಸಿಕ್ಕಿದರೆ ಅಲೆ ಅದರೊಳಗೆ ಓರೆಯಾಗಿ ನುಗ್ಗುತ್ತದೆ. ಹರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ 4,000 ಮೀಟರಿನ ಹತ್ತಿರ, ನೀರಿನಲ್ಲಿ ಸದ್ದಿನ ವೇಗ 1,500ರ ಹತ್ತಿರ. ಈ ವ್ಯತ್ಯಾಸವೇ ಓರೆಗೆ ಕಾರಣ. ಓರೆ ಪೆಟ್ಟಿನಿಂದ ಹನಿಯ ಒಳಗೆ ನೀರು ಸುಳಿ ಸುತ್ತುತ್ತಾ ಮಿಶ್ರವಾಗುತ್ತದೆ, ಪೆಟ್ಟು ಜೋರಾದರೆ ಹನಿಯೇ ಮುಂದಕ್ಕೆ ಓಡುತ್ತದೆ. ಬಿಲ್ಲೆಗೆ ಕೆಸುವಿನ ಎಲೆಯ ಹಾಗೆ ನೀರು ಅಂಟದ ಲೇಪ ಕೊಟ್ಟರೆ ಓಟ ಇನ್ನೂ ಸಲೀಸು. ಒಂದು ತೊಟ್ಟು ರಕ್ತವನ್ನು ಬೆರಳುಗುರಿನಷ್ಟು ಬಿಲ್ಲೆಯ ಮೇಲೆ ಓಡಿಸಿ ಪರೀಕ್ಷೆ ಮಾಡುವ ಆಸೆ ಇದರ ಹಿಂದಿದೆ. ಅಂದ ಹಾಗೆ, ಇಂಥ ಬಾಚಣಿಗೆ ಬಿಲ್ಲೆ ನಿಮ್ಮ ಮೊಬೈಲಿನಲ್ಲೂ ಇದೆ. ಅಲ್ಲಿ ಅದರ ಕೆಲಸ ಹನಿ ಓಡಿಸುವುದಲ್ಲ, ಬೇಡದ ಸಿಗ್ನಲ್‌ಗಳನ್ನು ಸೋಸುವುದು.

ಔಷಧಿ ಕಂಪನಿಗಳ ಲ್ಯಾಬುಗಳಲ್ಲಿ ಇನ್ನೊಂದು ಬಗೆ ಈಗಾಗಲೇ ದಿನನಿತ್ಯದ ಕೆಲಸ. ದ್ರವದ ತಳದಿಂದ ಸದ್ದನ್ನು ಒಂದು ಚುಕ್ಕಿಗೆ ಕೂಡಿಸಿ ಹೊಡೆದರೆ ಮೇಲ್ಮೈಯಿಂದ ಒಂದೇ ಹನಿ ಚಿಮ್ಮಿ, ಮೇಲೆ ತಲೆಕೆಳಗಾಗಿ ಹಿಡಿದ ತಟ್ಟೆಗೆ ಅಂಟುತ್ತದೆ. ಹನಿಯ ಅಳತೆ ಎರಡೂವರೆ ನ್ಯಾನೋಲೀಟರ್. ಒಂದು ಟೀ ಚಮಚದಲ್ಲಿ ಅಂಥ 20 ಲಕ್ಷ ಹನಿ ಹಿಡಿಯುತ್ತವೆ.

ಜೇನಿನಂಥ ಗಟ್ಟಿ ದ್ರವ ಹೀಗೆ ಚಿಮ್ಮುವುದಿಲ್ಲ, ಎಳೆಯೆಳೆಯಾಗಿ ಜೋತುಬೀಳುತ್ತದೆ. ಕೊಡಗಿನ ಜೇನನ್ನು ಬಾಟಲಿಯಿಂದ ಬಗ್ಗಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮುಂದೆ ಹಾರ್ವರ್ಡಿಗೆ ಹೋದ ಅದೇ ಫೊರೆಸ್ತಿ, ಜೆನಿಫರ್ ಲೂಯಿಸ್ ಅವರ ತಂಡದ ಜೊತೆ 2018ರಲ್ಲಿ ಇದಕ್ಕೂ ದಾರಿ ಕಂಡುಹಿಡಿದರು. ಸಣ್ಣ ಕೊಳವೆಯ ತುದಿಯಲ್ಲಿ ಸದ್ದಿನಿಂದ ಹನಿಯನ್ನು ಕೆಳಕ್ಕೆ ಎಳೆಯುತ್ತಾರೆ. ಭೂಮಿ ಎಳೆಯುವುದಕ್ಕಿಂತ ನೂರು ಪಟ್ಟು ಜಾಸ್ತಿ ಎಳೆತ. ಸದ್ದು ಏರಿಸಿದರೆ ಹನಿ ಬೇಗ ಕಳಚುತ್ತದೆ, ಹಾಗಾಗಿ ಚಿಕ್ಕದು. ಇಳಿಸಿದರೆ ದೊಡ್ಡದು. ಹೀಗೆ ಜೇನನ್ನೂ ದ್ರವ ಲೋಹವನ್ನೂ ಜೀವಕೋಶ ಬೆರೆಸಿದ ಶಾಯಿಯನ್ನೂ ಚುಕ್ಕಿ ಚುಕ್ಕಿಯಾಗಿ ಇಟ್ಟರು.

ಇಷ್ಟೆಲ್ಲಾ ಯಾಕೆ ಬೇಕು, ಚಮಚ ಇಲ್ವಾ ಅಂತ ಅಕ್ಕ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಪಾತ್ರೆಗೆ ತಾಗಿದ ದ್ರವ ಪಾತ್ರೆಯ ಗುಣವನ್ನು ಸ್ವಲ್ಪ ಹೊತ್ತುಕೊಳ್ಳುತ್ತದೆ. ಹರಳುಗಟ್ಟುವುದೂ ಸಾಮಾನ್ಯವಾಗಿ ಪಾತ್ರೆಯ ಅಂಚಿನಿಂದಲೇ ಶುರು. ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬಿನವರು ಔಷಧಿಯ ಹನಿಗಳನ್ನು ಗಾಳಿಯಲ್ಲೇ ತೇಲಿಸಿ ಒಣಗಿಸಿದ್ದು ಇದೇ ಕಾರಣಕ್ಕೆ. ಅಂಚೇ ಇಲ್ಲದಿದ್ದರೆ ಔಷಧಿ ಹರಳಾಗದೆ ಗಾಜಿನ ಹಾಗೆ ಉಳಿಯಬಹುದು, ಅಂಥದ್ದು ಮೈಯಲ್ಲಿ ಬೇಗ ಕರಗುತ್ತದೆ.

ಒಣಗಿಸುವ ಮಾತು ಬಂದದ್ದಕ್ಕೆ ಅಳಿಯನ ಕಿವಿ ನಿಮಿರಿತು. ಇನ್‌ಸ್ಟಂಟ್ ಕಾಫಿ ಮಾಡುವ ಒಂದು ಬಗೆಯಲ್ಲಿ ಡಿಕಾಕ್ಷನ್ನನ್ನು ಬಿಸಿಗಾಳಿಯ ಗೋಪುರದಲ್ಲಿ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಕೆಳಗೆ ಬೀಳುವಷ್ಟರಲ್ಲಿ ಪುಡಿಯಾಗಿರುತ್ತದೆ. ಆ ಗೋಪುರದೊಳಗೆ ಒಂದೊಂದು ಹನಿ ಹೇಗೆ ಒಣಗಿತು ಅಂತ ನೋಡಲಾಗುವುದಿಲ್ಲ. ಸದ್ದಿನಲ್ಲಿ ಹನಿಯೊಂದನ್ನು ನಿಲ್ಲಿಸಿಕೊಂಡರೆ ಸಿಪ್ಪೆ ಕಟ್ಟುವುದು, ಸುಕ್ಕಾಗುವುದು, ಒಳಗೆ ಪೊಳ್ಳಾಗುವುದು, ಎಲ್ಲವನ್ನೂ ಕ್ಯಾಮೆರಾ ಇಟ್ಟು ನೋಡಬಹುದು. ಆಹಾರ ತಂತ್ರಜ್ಞರು ಇದನ್ನು ಮಾಡುತ್ತಾರೆ.

ಈಗ ಅವನು 72 ಟ್ರಾನ್ಸ್‌ಡ್ಯೂಸರ್ ತರಿಸಿದ್ದಾನೆ. ಐವತ್ತಕ್ಕೆ ವೈರು ಹಾಕಿ ಆಗಿದೆ, ಉಳಿದದ್ದು ಕರೆಂಟ್ ಬಂದಾಗ. ಮೊದಲ ಹನಿ ನಮ್ಮ ತೋಟದ ರೋಬಸ್ಟಾ ಡಿಕಾಕ್ಷನ್ನೇ ಆಗಬೇಕು ಅಂತ ತೀರ್ಮಾನವಾಗಿದೆ. ನಮ್ಮ ಮನೆಯಲ್ಲಿ ಕಾಫಿ ಅಂದರೆ ಬೆಲ್ಲದ ಕಾಫಿ, ಅದಕ್ಕೆ ಹನಿಗೂ ಬೆಲ್ಲ ಹಾಕೋಣ ಅಂದೆ.

"ಬೇಡ ಮಾವ," ಅಂದ. "ಬೆಲ್ಲ ಹಾಕಿದ್ರೆ ಪುಡಿ ಆಗಲ್ಲ, ಅಂಟಾಗುತ್ತೆ."